ಒಂದೇ ಗುಳಿಯ ತಟ್ಟೆ

2017ರ ಮುಂಗಾರಿನ ಒಂದು ಮಧ್ಯಾಹ್ನ ತುಮಕೂರಿನ ಕ್ಯಾತ್ಸಂದ್ರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಕುಳಿತು ದತ್ತಸಂಚಯದಿಂದ ಬೇಕಾದ ಮಾಹಿತಿಯನ್ನು ಕೇಳಿ ಪಡೆಯುವ, ಸುಮಾರು ತೊಂಬತ್ತು ಸಾಲಿನ ಒಂದು ಎಸ್‌ಕ್ಯೂಎಲ್ ಕ್ವೆರಿಯನ್ನು ಬರೆದು ಮುಗಿಸಿದ್ದೆ. ಬೆಳಗಿನ ತಿಂಡಿಯಾದ ಮೇಲೆ ಕುಳಿತವಳು ಎದ್ದಿರಲಿಲ್ಲ. ಕ್ವೆರಿ ಇರಬೇಕಾದ ಫೈಲಿನಲ್ಲಿರದೆ ಬೇರೊಂದರಲ್ಲಿತ್ತು; ಅದನ್ನು ಸಾಗಿಸಲೆಂದು ಪೂರ್ತಿಯಾಗಿ ಆಯ್ದು ಕಟ್ ಮಾಡಿದೆ, ಬೆರಳಿಗೆ ಅಂಟಿಕೊಂಡ ಅಭ್ಯಾಸದಂತೆ ಆ ಫೈಲನ್ನು ಸೇವ್ ಕೂಡ ಮಾಡಿದೆ. ಅಷ್ಟರಲ್ಲಿ ಕಚೇರಿಯಿಂದ ಫೋನ್ ಬಂತು. ಯಾವುದೋ ದೂರಿನ ಸಂಖ್ಯೆಯನ್ನು ತಕ್ಷಣ ಕಳಿಸಬೇಕೆಂದರು; ಆ ಹನ್ನೊಂದು ಅಂಕಿಗಳನ್ನು ಕಾಪಿ ಮಾಡಿ ಕಳಿಸಿದೆ. ಕ್ವೆರಿ ಆ ಕ್ಷಣದಲ್ಲೇ, ಕಟ್ ಅಥವಾ ಕಾಪಿ ಮಾಡಿದ್ದನ್ನು ಗಣಕ ತಾತ್ಕಾಲಿಕವಾಗಿ ಹಿಡಿದಿಡುವ ಕ್ಲಿಪ್‌ಬೋರ್ಡಿನಿಂದ ಅಳಿಸಿಹೋಗಿತ್ತು, ಆದರೆ ಅದು ನನ್ನ ಅರಿವಿಗೆ ಬಂದಿರಲಿಲ್ಲ. ಎಡಿಟರಿನಲ್ಲಿ ಅನ್‌ಡೂ ಒತ್ತಿದ್ದರೆ ಮರಳಿ ಬರುತ್ತಿತ್ತು. ಒತ್ತುವ ಮೊದಲೇ ಕರೆಂಟು ಹೋಯಿತು, ಬ್ಯಾಟರಿ ಸೊರಗಿದ್ದ ಯುಪಿಎಸ್ ನಾಲ್ಕು ಸಲ ಕೂಗಿ ಸುಮ್ಮನಾಯಿತು, ಅರ್ಧ ದಿನದ ಕೆಲಸ ಎಲ್ಲಿಯೂ ಇಲ್ಲವಾಯಿತು.

ಅದನ್ನು ಮತ್ತೆ ಬರೆದು ಮುಗಿಸುವಾಗ ರಾತ್ರಿ ಎಂಟಾಗಿತ್ತು. ಎರಡನೆಯ ಸಲ ಬರೆದದ್ದು ಮೊದಲಿನದರಷ್ಟು ಚೆನ್ನಾಗಿರಲಿಲ್ಲವೆಂಬ ಅನುಮಾನ ಇವತ್ತಿಗೂ ಹೋಗಿಲ್ಲ. ಬೆಳಗ್ಗೆ ಬರೆಯುವಾಗ ಯಾವ ಷರತ್ತನ್ನು ಯಾಕೆ ಸೇರಿಸಿದ್ದೆನೆಂಬುದು ಸಾಲುಗಳ ಜೊತೆಗೇ ಹೊರಟುಹೋಗಿತ್ತು.

ಕಟ್, ಕಾಪಿ, ಪೇಸ್ಟ್ ಎಂಬ ಮೂರು ಕೆಲಸಗಳನ್ನು ಇಂದಿನ ರೂಪಕ್ಕೆ ತಂದವರಲ್ಲಿ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಮುಖ್ಯರು. 1970ರ ದಶಕದ ಮಧ್ಯಭಾಗದಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ ಅವರು ಜಿಪ್ಸಿ ಎಂಬ ಬರವಣಿಗೆಯ ತಂತ್ರಾಂಶವನ್ನು ಪಠ್ಯಪುಸ್ತಕ ಪ್ರಕಾಶನದ ಸಂಪಾದಕರಿಗಾಗಿ ರೂಪಿಸಿದರು. ಕತ್ತರಿ ಮತ್ತು ಗೋಂದು ಹಿಡಿದು ಹಾಳೆಯ ತುಂಡುಗಳನ್ನು ಹಿಂದೆಮುಂದೆ ಮಾಡುತ್ತಿದ್ದ ಆ ಸಂಪಾದಕರ ಕೈಗೆಲಸವೇ ಪರದೆಯ ಮೇಲೆ ಬಂತು. (ನಮ್ಮೂರಿನಲ್ಲಿ ಜೆರಾಕ್ಸ್ ಎಂದರೆ ಬಿ. ಎಚ್. ರಸ್ತೆಯ ಅಂಗಡಿಯಲ್ಲಿ ಸಿಗುವ ನಕಲು ಪ್ರತಿಯೇ ಹೊರತು ಒಂದು ಕಂಪನಿಯ ಹೆಸರಲ್ಲ. ಆ ಕಂಪನಿಯ ಸಂಶೋಧನಾಲಯವೇ ಕಾಪಿ ಮಾಡುವುದನ್ನು ಗಣಕಕ್ಕೆ ಕಲಿಸಿತೆಂದು ತಿಳಿದಾಗ ನನಗೆ ಬಹಳ ಸಂತೋಷವಾಗಿತ್ತು.) ಒಂದು ವ್ಯತ್ಯಾಸ ಮಾತ್ರ ಉಳಿದುಬಿಟ್ಟಿತು. ಕತ್ತರಿಸಿದ ಕಾಗದದ ತುಂಡುಗಳು ಮೇಜಿನ ಮೇಲೆ ಹತ್ತಾದರೂ ಬಿದ್ದಿರುತ್ತವೆ. ಗಣಕದ ಕ್ಲಿಪ್‌ಬೋರ್ಡಿನಲ್ಲಿ ಒಂದೇ ತುಂಡಿಗೆ ಜಾಗ. ಎರಡನೆಯದು ಬಂದರೆ ಮೊದಲನೆಯದು ಹೋಗುತ್ತದೆ.

ಆ ರಾತ್ರಿ ಊಟಕ್ಕೆ ಕೆಳಗಿಳಿದಾಗ ಅಮ್ಮ ಊಟದ ಮೇಜಿನ ತುದಿಯಲ್ಲಿ ಪಕ್ಕದ ಮನೆಯವರ ಹಳೆಯ ಕೈಗಡಿಯಾರವೊಂದನ್ನು ಬಿಚ್ಚಿಟ್ಟುಕೊಂಡಿದ್ದಳು. ಅಮ್ಮ ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ಜೋಡಣೆ ವಿಭಾಗದಲ್ಲಿ ದುಡಿದವಳು. ಆ ಕಾರ್ಖಾನೆ ಮುಚ್ಚಿತು, ಜಾಗ ಇಸ್ರೋ ಸಂಸ್ಥೆಗೆ ಸೇರಿತು. ಅಮ್ಮನ ಚಿಮಟ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ, ಕಡ್ಡಿಯಷ್ಟು ಸಣ್ಣ ಸ್ಕ್ರೂಡ್ರೈವರುಗಳು ಮಾತ್ರ ಮನೆಯಲ್ಲಿ ಉಳಿದವು. ಕೀಲಿ ಕೊಡುವ ಒಂದು ಕೈಗಡಿಯಾರದೊಳಗೆ ನೂರಕ್ಕೂ ಹೆಚ್ಚು ಬಿಡಿಭಾಗಗಳಿರುತ್ತವೆ, ಕೆಲವು ತಿರುಪುಗಳು ಸಾಸಿವೆ ಕಾಳಿಗಿಂತ ಸಣ್ಣವು. ಅಮ್ಮ ಅವುಗಳನ್ನು ನಮ್ಮ ಮನೆಯ ಹಳೆಯ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಇಡುತ್ತಿದ್ದಳು: ಮೊದಲು ಬಿಚ್ಚಿದ್ದು ಮೊದಲ ಗುಳಿಗೆ, ಆಮೇಲಿನದು ಅದರ ಬಲಕ್ಕೆ, ಹಾಗೆಯೇ ಸುತ್ತಿಕೊಂಡು. ಇದನ್ನು ಬಾಲ್ಯದಿಂದ ನೋಡಿದ್ದರೂ ಯಾಕೆಂದು ಕೇಳಿದ್ದು ಅಂದೇ.

"ಬಿಚ್ಚಿದ ಕ್ರಮದಲ್ಲೇ ಇಟ್ರೆ, ಜೋಡಿಸೋವಾಗ ನೆನಪು ಮಾಡ್ಕೊಳ್ಳೋ ಕೆಲಸ ಇರಲ್ಲ ಕಣೇ," ಎಂದಳು. "ಫೋನ್ ಬಂದ್ರೂ ಎದ್ದು ಹೋಗಬಹುದು."

ಫೋನ್ ಬಂದರೂ ಎದ್ದು ಹೋಗಬಹುದು ಎಂಬ ಆ ಮಾತು ನನ್ನನ್ನು ಹಿಡಿದುಕೊಂಡಿತು. ನಾನು ಒಂದೇ ಗುಳಿಯ ತಟ್ಟೆಯಿಟ್ಟುಕೊಂಡು ಗಡಿಯಾರ ಬಿಚ್ಚುತ್ತಿದ್ದೆ. ಅಂದಿನಿಂದ ಇಂದಿನವರೆಗೆ ನನ್ನ ಗಣಕದಲ್ಲಿ ಹಲವಾರು ಸಣ್ಣ ಸಾಧನಗಳು ಬಂದಿವೆ, ಹೋಗಿವೆ. ಹೋದವುಗಳಲ್ಲಿ ಕೆಲಸ ಬೇಗ ಮಾಡಿಸುತ್ತೇವೆಂದು ಹೇಳಿಕೊಳ್ಳುವಂಥವೇ ಹೆಚ್ಚು. ಉಳಿದವುಗಳೆಲ್ಲ ಒಂದೇ ಮನೆತನದವು: ನಾನು ಒಮ್ಮೆ ಮಾಡಿದ್ದನ್ನು, ಒಮ್ಮೆ ಕಂಡದ್ದನ್ನು, ಒಮ್ಮೆ ಬರೆದದ್ದನ್ನು ನನ್ನ ಪರವಾಗಿ ನೆನಪಿಟ್ಟುಕೊಂಡು, ಕರೆದಾಗ ತಂದುಕೊಡುವಂಥವು. ಪ್ರೋಗ್ರಾಮರುಗಳ ಉತ್ಪಾದಕತೆಯ ಮಾತು ಬಂದಾಗ ನಿಮಿಷಗಳ ಲೆಕ್ಕ ಹಾಕುವವರು ಬಹಳ. ಉಳಿಯಬೇಕಾದದ್ದು ನಿಮಿಷವಲ್ಲ, ತಲೆಯೊಳಗೆ ಕಟ್ಟಿಕೊಂಡಿದ್ದ ಯೋಚನೆಯ ಎಳೆ ಎಂದು ನಾನು ನಂಬಿದ್ದೇನೆ. ಮಹಡಿಯಲ್ಲಿ ಕುಳಿತಿದ್ದ ಆ ಮಧ್ಯಾಹ್ನ ನಾನು ಕಳೆದುಕೊಂಡದ್ದು ಅದನ್ನೇ.

ಯಾವ ಸಾಧನ ಬೇಕೆಂದು ತಿಳಿಯಲು ಮೊದಲು ಮಾಡಿದ್ದು ಗಣಕದಲ್ಲಲ್ಲ, ಇನ್ನೂರು ಪುಟದ ಒಂದು ರೂಲ್ ನೋಟ್‌ಬುಕ್ಕಿನಲ್ಲಿ. ಎರಡು ವಾರ ಕಾಲ, ಕೆಲಸದ ನಡುವೆ ಕೈ ನಿಂತಲ್ಲೆಲ್ಲ ಒಂದೊಂದು ಸಾಲು ಬರೆದಿಟ್ಟೆ. ಕೈ ನಿಲ್ಲುವುದೆಂದರೆ ಕಷ್ಟದ ಯೋಚನೆಗೆ ನಿಲ್ಲುವುದಲ್ಲ, ಅದು ಬೇಕಾದ ನಿಲುಗಡೆ. ನಾನು ಬರೆದದ್ದು ಬೇಡದ ನಿಲುಗಡೆಗಳನ್ನು. ಸರ್ವರಿಗೆ ಹೋಗುವ ಆ ಉದ್ದ ಆಜ್ಞೆ ಏನಿತ್ತು? ಕಳೆದ ತಿಂಗಳು ಇಳಿಸಿಕೊಂಡ ಆ ಸಿಎಸ್‌ವಿ ಫೈಲ್ ಯಾವ ಫೋಲ್ಡರಿನಲ್ಲಿದೆ? ಈ ಉತ್ತರವನ್ನು ಹೋದ ವಾರವೂ ಬರೆದಿದ್ದೆನಲ್ಲ? ವಾರದ ಎರಡು ದಿನ ಬೆಂಗಳೂರಿನ ಕಚೇರಿಗೆ ರೈಲಿನಲ್ಲಿ ಹೋಗುವಾಗಲೂ ಪುಸ್ತಕ ಚೀಲದಲ್ಲಿರುತ್ತಿತ್ತು, ಹಿರೇಹಳ್ಳಿ ದಾಟಿ ನಿಡವಂದದ ಕಡೆ ಸಾಗುವಾಗ ಮೊಬೈಲ್ ಸಿಗ್ನಲ್ ಕೈಕೊಡುತ್ತಿದ್ದಂತೆ ನಿಂತುಹೋಗುತ್ತಿದ್ದ ಕೆಲಸವೂ ಅದರಲ್ಲಿ ಸೇರುತ್ತಿತ್ತು. ಹದಿನಾಲ್ಕು ದಿನದ ಕೊನೆಗೆ ಓದಿ ನೋಡಿದಾಗ, ಹೊಸದೇನನ್ನಾದರೂ ಮಾಡಲಾಗದೆ ನಿಂತ ಸಾಲುಗಳು ಬೆರಳೆಣಿಕೆಯಷ್ಟು. ಮಿಕ್ಕೆಲ್ಲವೂ ಹಿಂದೊಮ್ಮೆ ತಿಳಿದಿದ್ದುದನ್ನು ಮರಳಿ ಹುಡುಕುವುದಕ್ಕಾಗಿ ನಿಂತವು.

ಮೊದಲ ಪರಿಹಾರ ಕ್ಲಿಪ್‌ಬೋರ್ಡಿನದು. ನನ್ನ ಆ ಮಧ್ಯಾಹ್ನದ ಮರು ವರ್ಷ, 2018ರ ಅಕ್ಟೋಬರಿನ ವಿಂಡೋಸ್ 10 ಪರಿಷ್ಕರಣೆಯಲ್ಲಿ, ಮೈಕ್ರೋಸಾಫ್ಟ್ ಕ್ಲಿಪ್‌ಬೋರ್ಡಿಗೆ ಇತಿಹಾಸವನ್ನು ಸೇರಿಸಿತು. ವಿಂಡೋಸ್ ಕೀಲಿಯ ಜೊತೆ ವಿ ಒತ್ತಿದರೆ ಈಚೆಗೆ ಕಾಪಿ ಮಾಡಿದ 25 ತುಣುಕುಗಳವರೆಗೆ ಪಟ್ಟಿಯಾಗಿ ಬರುತ್ತವೆ. ಇದನ್ನು ಇಂದಿಗೂ ಬಳಸದ ಪ್ರೋಗ್ರಾಮರುಗಳನ್ನು ಕಂಡಿದ್ದೇನೆ, ಸೆಟ್ಟಿಂಗಿನಲ್ಲಿ ಒಮ್ಮೆ ಚಾಲೂ ಮಾಡಿದರೆ ಸಾಕು. ಆದರೆ ಪಿನ್ ಮಾಡಿಟ್ಟವುಗಳ ಹೊರತು ಮಿಕ್ಕವೆಲ್ಲ ಗಣಕ ಮರುಪ್ರಾರಂಭವಾದಾಗ ಅಳಿಸಿಹೋಗುತ್ತವೆ. ಕರೆಂಟು ಹೋಗುವ ಊರಿನಲ್ಲಿ ಇದು ಸಣ್ಣ ಕೊರತೆಯಲ್ಲ. ಆದ್ದರಿಂದ ನಾನು ಡಿಟ್ಟೋ ಎಂಬ ಮುಕ್ತ ತಂತ್ರಾಂಶವನ್ನು ಬಳಸುತ್ತೇನೆ. ಅದು ಪ್ರತಿಯೊಂದು ತುಣುಕನ್ನೂ ಎಸ್‌ಕ್ಯೂಲೈಟ್ ದತ್ತಸಂಚಯದಲ್ಲಿ ಡಿಸ್ಕಿಗೆ ಬರೆದಿಡುವುದರಿಂದ ನಾಳೆಯೂ ಇರುತ್ತದೆ, ಹುಡುಕಲೂ ಬರುತ್ತದೆ. ಲಿನಕ್ಸಿನಲ್ಲಿ ಕಾಪಿಕ್ಯೂ ಇದೇ ಕೆಲಸ ಮಾಡುತ್ತದೆ. ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕು: ಎಲ್ಲವನ್ನೂ ನೆನಪಿಡುವ ಸಾಧನ ಪಾಸ್‌ವರ್ಡನ್ನೂ ನೆನಪಿಡುತ್ತದೆ. ಪಾಸ್‌ವರ್ಡ್ ಸಂಗ್ರಹದ ತಂತ್ರಾಂಶದಿಂದ ಕಾಪಿ ಮಾಡಿದ್ದನ್ನು ದಾಖಲಿಸಬಾರದೆಂದು ಮೊದಲ ದಿನವೇ ಅದಕ್ಕೆ ತಿಳಿಸಿಡಬೇಕು.

ಎರಡನೆಯದು ಟರ್ಮಿನಲ್ಲಿನ, ಅಂದರೆ ಆಜ್ಞೆಗಳನ್ನು ಬರೆದು ಗಣಕಕ್ಕೆ ಕೊಡುವ ಕಿಟಕಿಯ, ನೆನಪು. ಅಲ್ಲಿ ಆಜ್ಞೆಗಳನ್ನು ಓದಿ ನಡೆಸುವ ಬ್ಯಾಷ್ ಎಂಬ ಷೆಲ್ ತಂತ್ರಾಂಶ ನಾವು ಕೊಟ್ಟ ಆಜ್ಞೆಗಳನ್ನು ನೆನಪಿಡುತ್ತದೆಯೆಂದು ಎಲ್ಲರಿಗೂ ಗೊತ್ತು, ಕಂಟ್ರೋಲ್ ಜೊತೆ ಆರ್ ಒತ್ತಿ ಹಿಂದಕ್ಕೆ ಹುಡುಕುವುದೂ ಗೊತ್ತು. ಗೊತ್ತಿಲ್ಲದೆ ನಾನು ಪೆಟ್ಟು ತಿಂದದ್ದು ಬೇರೆ ಕಡೆ. ಬ್ಯಾಷ್ ತನ್ನ ಇತಿಹಾಸವನ್ನು ಫೈಲಿಗೆ ಬರೆಯುವುದು ಷೆಲ್ ಮುಚ್ಚುವಾಗ. ಅಲ್ಲಿಯವರೆಗೆ ಅದು ಮೆಮೊರಿಯಲ್ಲಿಯೇ ಇರುತ್ತದೆ. ನಡುವೆ ಗಣಕ ಆರಿಹೋದರೆ ಆ ದಿನದ ಆಜ್ಞೆಗಳೆಲ್ಲ ಹೋದಂತೆಯೇ. ಮೂಲ ಸ್ಥಿತಿಯಲ್ಲಿ ಅದು ನೆನಪಿಡುವುದು 500 ಆಜ್ಞೆಗಳನ್ನು ಮಾತ್ರ, ಮತ್ತು ನಾಲ್ಕು ಟರ್ಮಿನಲ್ ತೆರೆದಿದ್ದರೆ, ಫೈಲಿನ ಕೊನೆಗೆ ಸೇರಿಸುತ್ತ ಹೋಗೆಂದು ಹೇಳಿರದಿದ್ದರೆ, ಕೊನೆಗೆ ಮುಚ್ಚಿದ್ದು ಉಳಿದವುಗಳ ಬರಹವನ್ನು ಅಳಿಸಿ ತನ್ನದನ್ನು ಬರೆಯುತ್ತದೆ. ಸಂರಚನೆಯ ಫೈಲಿನಲ್ಲಿ ಮೂರು ಸಾಲು ಸೇರಿಸಿದರೆ ಮೂರೂ ಸರಿಯಾಗುತ್ತವೆ: ಮಿತಿಯನ್ನು ಲಕ್ಷಕ್ಕೆ ಏರಿಸುವುದು, ಅಳಿಸದೆ ಸೇರಿಸೆಂದು ಹೇಳುವುದು, ಪ್ರತಿ ಆಜ್ಞೆ ಮುಗಿದೊಡನೆ ಫೈಲಿಗೆ ಬರೆಯೆಂದು ಹೇಳುವುದು. ಅದರ ಮೇಲೆ ಎಫ್‌ಜೆಡ್‌ಎಫ್ ಎಂಬ ಪುಟ್ಟ ಸಾಧನವನ್ನು ಕೂರಿಸಿಕೊಂಡರೆ, ಆಜ್ಞೆಯ ಯಾವುದೋ ಎರಡು ಚೂರುಗಳು ನೆನಪಿದ್ದರೂ ಸಾಕು, ಬೆರಳು ಆಡುತ್ತಿದ್ದಂತೆಯೇ ಪಟ್ಟಿ ಕಿರಿದಾಗುತ್ತ ಬೇಕಾದ ಸಾಲು ಮೇಲೆ ಬಂದು ನಿಲ್ಲುತ್ತದೆ. ಆರು ವರ್ಷದ ನನ್ನ ಟರ್ಮಿನಲ್ ಇತಿಹಾಸ ಈಗ ಒಂದೇ ಫೈಲಿನಲ್ಲಿದೆ. ಅದರಷ್ಟು ನಿಜವಾದ ದಿನಚರಿಯನ್ನು ನಾನು ಬೇರೆಲ್ಲೂ ಬರೆದಿಲ್ಲ.

ಕೋಡ್ ಬರೆಯುವ ಎಡಿಟರುಗಳು ಈ ವಿಷಯದಲ್ಲಿ ನಮಗಿಂತ ಮುಂದಿವೆ. ವಿಮ್ ಎಂಬ ಎಡಿಟರು ನಾಲ್ಕು ಸೆಕೆಂಡು ಕೈ ಸುಮ್ಮನಾದರೆ ಅಥವಾ 200 ಅಕ್ಷರ ಒತ್ತಿದರೆ ಸ್ವಾಪ್ ಎಂಬ ತನ್ನ ತಾತ್ಕಾಲಿಕ ಫೈಲಿಗೆ ಬರೆದಿಡುತ್ತದೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಏಳು ಸೆಕೆಂಡಿಗೊಮ್ಮೆ ಉಳಿಸದ ಬರಹದ ಪ್ರತಿ ತೆಗೆದಿಡುತ್ತದೆ. ಇವು ಕರೆಂಟು ಹೋದಾಗಲಷ್ಟೇ ಬೆಳಕಿಗೆ ಬರುವ ಉಪಕಾರಗಳು.

ಫೈಲ್ ಹುಡುಕುವುದಕ್ಕೆ ವಿಂಡೋಸಿನಲ್ಲಿ ಎವೆರಿಥಿಂಗ್ ಎಂಬ ಸಾಧನವಿದೆ, ಅದನ್ನು ಕಂಡಂದಿನಿಂದ ನಾನು ಫೋಲ್ಡರುಗಳಿಗೆ ಅಚ್ಚುಕಟ್ಟಾಗಿ ಹೆಸರಿಡುವ ಗೀಳನ್ನು ಬಿಟ್ಟೆ. ಅದರ ವೇಗದ ಗುಟ್ಟು ಸರಳ. ಎನ್‌ಟಿಎಫ್‌ಎಸ್ (ಫೈಲುಗಳನ್ನು ಇಡಲು ವಿಂಡೋಸ್ ಬಳಸುವ ಪದ್ಧತಿ) ಡಿಸ್ಕಿನಲ್ಲಿ ಪ್ರತಿ ಫೈಲಿನ ಹೆಸರೂ ಮಾಸ್ಟರ್ ಫೈಲ್ ಟೇಬಲ್ ಎಂಬ ಒಂದೇ ಕೋಷ್ಟಕದಲ್ಲಿರುತ್ತದೆ. ಫೋಲ್ಡರುಗಳನ್ನು ಒಂದೊಂದಾಗಿ ಹೊಕ್ಕು ನೋಡುವ ಬದಲು ಎವೆರಿಥಿಂಗ್ ಆ ಕೋಷ್ಟಕವನ್ನೇ ನೇರವಾಗಿ ಓದಿಕೊಳ್ಳುತ್ತದೆ, ಆಮೇಲಿನ ಬದಲಾವಣೆಗಳನ್ನು ಡಿಸ್ಕ್ ತಾನೇ ಬರೆದಿಡುವ ಜರ್ನಲಿನಿಂದ ತಿಳಿದುಕೊಳ್ಳುತ್ತದೆ. ಊರಿನ ಪ್ರತಿ ಮನೆಯ ಬಾಗಿಲು ತಟ್ಟುವುದಕ್ಕೂ ಮತದಾರರ ಪಟ್ಟಿ ತಿರುವುವುದಕ್ಕೂ ಇರುವಷ್ಟು ಅಂತರ ಅದು. ಫೈಲಿನ ಒಳಗಿನ ಮಾತನ್ನು ಹುಡುಕಲು ರಿಪ್‌ಗ್ರೆಪ್ ಇದೆ. ಅದರ ಹಿರಿಯ ಗ್ರೆಪ್ ಸಾಧನವನ್ನು ಕೆನ್ ಥಾಂಪ್ಸನ್ ಬರೆದು 1973ರ ಯುನಿಕ್ಸಿನಲ್ಲಿ ಸೇರಿಸಿದ್ದರು. ಎಡ್ ಎಂಬ ಎಡಿಟರಿನ ಒಳಗಿದ್ದ ಒಂದು ಆಜ್ಞೆಯನ್ನು ಬೇರ್ಪಡಿಸಿ ಸ್ವತಂತ್ರ ಸಾಧನವಾಗಿಸಿದ್ದು ಅದು. ರೈಲಿನಲ್ಲಿ ಸಿಗ್ನಲ್ ಇಲ್ಲದಾಗ ಜೀಲ್ ಎಂಬ ತಂತ್ರಾಂಶ ನೆರವಿಗೆ ಬರುತ್ತದೆ, ಭಾಷೆಗಳ ಮತ್ತು ಲೈಬ್ರರಿಗಳ ಕೈಪಿಡಿಗಳನ್ನೆಲ್ಲ ಅದು ಡಿಸ್ಕಿನಲ್ಲಿ ಇಟ್ಟುಕೊಂಡಿರುತ್ತದೆ.

ಇನ್ನು ನಾನು ಹೇಳಬೇಕೆಂದು ಕುಳಿತ ಮುಖ್ಯ ಮಾತಿಗೆ ಬರುತ್ತೇನೆ. ಈ ಹುಡುಕುವ ಸಾಧನಗಳೆಲ್ಲ ಇಂಗ್ಲಿಷಿನಲ್ಲಿ ಸರಾಗವಾಗಿ ಕೆಲಸ ಮಾಡುತ್ತವೆ. ಕನ್ನಡದಲ್ಲಿ ಮಾಡುತ್ತವೆಯೆಂದು ನಂಬಿದ್ದು ನನ್ನ ತಪ್ಪು. ನಮ್ಮ ತಂಡ ಕನ್ನಡದಲ್ಲಿ ತುಂಬಿದ ಅರ್ಜಿಗಳನ್ನು ಇಟ್ಟುಕೊಳ್ಳುವ ಒಂದು ವ್ಯವಸ್ಥೆಯನ್ನು ನೋಡಿಕೊಳ್ಳುತ್ತದೆ. ಮಂಜುನಾಥ್ ಎಂಬ ಹೆಸರಿನ ಅರ್ಜಿ ಪರದೆಯ ಮೇಲೆ ಕಣ್ಣೆದುರಿಗೇ ಇದೆ, ಹುಡುಕಿದರೆ ಸಿಗುವುದಿಲ್ಲ ಎಂಬ ದೂರು ಬಂತು. ನಾನೂ ಹುಡುಕಿದೆ, ಸಿಗಲಿಲ್ಲ. ಎರಡು ಹೆಸರುಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದೆ. ಕೂದಲೆಳೆಯ ವ್ಯತ್ಯಾಸವೂ ಕಾಣಲಿಲ್ಲ. ಕೊನೆಗೆ ಬೈಟುಗಳನ್ನು ಎಣಿಸಿದೆ. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು ಬೇಕು. ಮಂಜುನಾಥ್ ಎಂಬುದರಲ್ಲಿ ಮ, ಅನುಸ್ವಾರ, ಜ, ಉಕಾರದ ಕೊಂಬು, ನ, ಆಕಾರದ ದೀರ್ಘ, ಥ, ವಿರಾಮ ಚಿಹ್ನೆ ಸೇರಿ ಎಂಟು ಸಂಕೇತಗಳು, 24 ಬೈಟು. ಒಂದು ಹೆಸರು 24 ಇತ್ತು, ಇನ್ನೊಂದು 27.

ಹೆಚ್ಚಾಗಿದ್ದ ಆ ಮೂರು ಬೈಟು ಕಣ್ಣಿಗೆ ಕಾಣದ ಒಂದು ಅಕ್ಷರ. ಶೂನ್ಯ ಅಗಲದ ಬೇರ್ಪಡಿಕೆ ಎಂದು ಅದನ್ನು ಕರೆಯಬಹುದು. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಅದರ ಸಂಖ್ಯೆ 200ಸಿ. ಸಾಫ್ಟ್‌ವೇರ್ ಎಂದು ಬರೆಯುವಾಗ ಟಕಾರದ ಅಡಿಗೆ ವಕಾರದ ಒತ್ತು ಹೋಗದಂತೆ ತಡೆಯುವುದು ಅದೇ. ಅದು ಇಲ್ಲದಿದ್ದರೆ ಆ ಪದ ಸಾಫ್ಟ್ವೇರ್ ಎಂದಾಗುತ್ತದೆ. ಹೀಗಾಗಿ ಅದು ಕನ್ನಡಕ್ಕೆ ಬೇಕೇ ಬೇಕಾದ ಅಕ್ಷರ. ಆದರೆ ಮಂಜುನಾಥ್ ಎಂಬಂಥ ಹೆಸರಿನ ಕೊನೆಯಲ್ಲಿ, ಮುಂದೆ ಖಾಲಿ ಜಾಗವಿದ್ದಾಗ, ಅದಕ್ಕೆ ಮಾಡುವ ಕೆಲಸವಿಲ್ಲ. ಕೆಲವು ಬರೆಯುವ ತಂತ್ರಾಂಶಗಳು ಅಲ್ಲಿಯೂ ಅದನ್ನು ಬಿಟ್ಟುಹೋಗುತ್ತವೆ, ಕೆಲವು ಬಿಡುವುದಿಲ್ಲ. ರ‍್ಯಾಂಕ್ ಎಂಬ ಪದದಲ್ಲಿ ಅರ್ಕಾವೊತ್ತು ಬಾರದಂತೆ ಮಾಡುವುದಕ್ಕೂ ಇದೇ ರೀತಿಯ ಇನ್ನೊಂದು ಕಾಣದ ಅಕ್ಷರವಿದೆ. ಅದೂ ಸಾಲದೆಂಬಂತೆ, ಕೋಲಾರ ಎಂಬುದರ ಮೊದಲ ಅಕ್ಷರವನ್ನು ಕಕಾರದ ಮುಂದೆ ಒಂದೇ ಓಕಾರ ಚಿಹ್ನೆ ಇಟ್ಟು ಬರೆಯಬಹುದು, ಅಥವಾ ಎಕಾರ, ಊಕಾರ, ದೀರ್ಘ ಎಂಬ ಮೂರು ಚೂರುಗಳನ್ನು ಸಾಲಾಗಿಟ್ಟೂ ಬರೆಯಬಹುದು. ತೆರೆಯ ಮೇಲೆ ಎರಡೂ ಕೋ. ಗಣಕಕ್ಕೆ ಎರಡೂ ಬೇರೆ ಬೇರೆ.

ಅಂದು ಸಂಜೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಲವತ್ತು ಸಾಲಿನ ಒಂದು ಸಾಧನ ಬರೆದೆ. ಯಾವುದೇ ಕಿಟಕಿಯಲ್ಲಿ ಪಠ್ಯವನ್ನು ಕಾಪಿ ಮಾಡಿ ಒಂದು ಕೀಲಿ ಜೋಡಿಯನ್ನು ಒತ್ತಿದರೆ, ಅದರೊಳಗಿನ ಒಂದೊಂದು ಸಂಕೇತವನ್ನೂ ಹೆಸರು, ಸಂಖ್ಯೆಗಳ ಸಮೇತ ಒಂದು ಪುಟ್ಟ ಕಿಟಕಿಯಲ್ಲಿ ಸಾಲಾಗಿ ತೋರಿಸುತ್ತದೆ. ಕಾಣದ ಅಕ್ಷರಗಳಿದ್ದರೆ ಕೆಂಪಿನಲ್ಲಿ. ಅಮ್ಮನ ಭೂತಗನ್ನಡಿ ಏನು ಮಾಡುತ್ತದೋ ಅದನ್ನೇ ಇದು ಅಕ್ಷರಗಳಿಗೆ ಮಾಡುತ್ತದೆ. ನಂತರ ಅದಕ್ಕೆ ಎರಡನೆಯ ಕೆಲಸವನ್ನೂ ಸೇರಿಸಿದೆ: ಹುಡುಕುವುದಕ್ಕೆಂದೇ ಪಠ್ಯದ ಇನ್ನೊಂದು ರೂಪವನ್ನು ತಯಾರಿಸುವುದು. ಚೂರಾದ ಸ್ವರಚಿಹ್ನೆಗಳನ್ನು ಯೂನಿಕೋಡಿನ ಎನ್‌ಎಫ್‌ಸಿ ನಿಯಮದಂತೆ ಕೂಡಿಸುತ್ತದೆ, ಕಾಣದ ಅಕ್ಷರಗಳನ್ನು ತೆಗೆಯುತ್ತದೆ, ಕನ್ನಡ ಅಂಕಿಗಳನ್ನು ಇಂಗ್ಲಿಷ್ ಅಂಕಿಗಳಾಗಿಸುತ್ತದೆ. ಎನ್‌ಎಫ್‌ಸಿ ಒಂದೇ ಸಾಕೆಂದು ಹಲವರು ತಿಳಿದಿದ್ದಾರೆ. ಅದು ಕಾಣದ ಅಕ್ಷರಗಳನ್ನು ಮುಟ್ಟುವುದಿಲ್ಲ. ಅಂಕಿಗಳ ವಿಷಯವೂ ಹಗುರವಲ್ಲ: ೫೭೨೧೦೧ ಎಂದು ಕನ್ನಡದಲ್ಲಿ ಬರೆದ ತುಮಕೂರಿನ ಪಿನ್ ಕೋಡನ್ನು ಪೈಥಾನಿನ ಅಂಕಿ ಹುಡುಕುವ ನಮೂನೆ ಅಂಕಿಯೆಂದು ಗುರುತಿಸುತ್ತದೆ, ಜಾವಾಸ್ಕ್ರಿಪ್ಟ್ ಎಂಬ ಇನ್ನೊಂದು ಭಾಷೆಯ ಅದೇ ನಮೂನೆ ಗುರುತಿಸುವುದಿಲ್ಲ. ಹಾಗೆಂದು ಮೂಲ ಪಠ್ಯವನ್ನೇ ಶುದ್ಧ ಮಾಡಲು ಹೋಗಬಾರದು. ಒಬ್ಬರು ತಮ್ಮ ಹೆಸರನ್ನು ಹೇಗೆ ಬರೆದರೋ ಹಾಗೆಯೇ ಅದು ಉಳಿಯಬೇಕು. ಬದಲಾಗಬೇಕಾದದ್ದು ನಾವು ಹುಡುಕುವ ಬಗೆ.

ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ, ಎಲ್ಲರೂ ಬಳಸುತ್ತಾರೆ. ನಾವು ಇಟ್ಟ ಹಿಂದಿನ ಹೆಜ್ಜೆಗಳ ಪಟ್ಟಿಯಾದ ಅದರ ರೆಫ್‌ಲಾಗನ್ನು ಮಾತ್ರ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಮೊದಲ ವಾರವೇ ತೋರಿಸುತ್ತೇನೆ. ತಪ್ಪಾಗಿ ಅಳಿಸಿದ ಶಾಖೆ (ಕೆಲಸದ ಪ್ರತ್ಯೇಕ ಕವಲು), ರೀಬೇಸ್ ಮಾಡುವಾಗ, ಅಂದರೆ ಬದಲಾವಣೆಗಳನ್ನು ಬೇರೊಂದರ ಮೇಲೆ ಮರುಜೋಡಿಸುವಾಗ, ಕೈತಪ್ಪಿದ ಕಮಿಟ್ (ದಾಖಲಾದ ಒಂದು ಬದಲಾವಣೆ), ಇವೆಲ್ಲ ಅಲ್ಲಿ ಇನ್ನೂ ಇರುತ್ತವೆ. ಯಾವ ಶಾಖೆಗೂ ಸೇರದೆ ಅನಾಥವಾದ ದಾಖಲೆಯನ್ನೂ ಗಿಟ್ ಮೂಲ ಸ್ಥಿತಿಯಲ್ಲಿ 30 ದಿನ ಇಟ್ಟುಕೊಳ್ಳುತ್ತದೆ, ಸೇರಿದ್ದನ್ನು 90 ದಿನ. ಎಲ್ಲವೂ ಹೋಯಿತೆಂದು ಮುಖ ಬಾಡಿಸಿಕೊಂಡು ಕುಳಿತವರ ಕಣ್ಣೆದುರು ಅದನ್ನು ಮರಳಿ ತಂದುಕೊಡುವುದು ನನ್ನ ಕೆಲಸದ ಅತ್ಯಂತ ಪ್ರೀತಿಯ ಗಳಿಗೆಗಳಲ್ಲೊಂದು. ಇನ್ನೊಂದು ಬೈಸೆಕ್ಟ್: ಸಾವಿರ ಕಮಿಟ್‌ಗಳಲ್ಲಿ ಎಲ್ಲಿ ತಪ್ಪು ನುಸುಳಿತೆಂದು ಅರ್ಧರ್ಧ ಮಾಡುತ್ತ ಹೋದರೆ ಹತ್ತು ಸಲ ಪರೀಕ್ಷಿಸುವುದರೊಳಗೆ ಸಿಗುತ್ತದೆ.

ಬಿಟ್ಟವುಗಳ ಬಗ್ಗೆಯೂ ಹೇಳಬೇಕು. ಇಟಲಿಯ ಫ್ರಾಂಚೆಸ್ಕೊ ಸಿರಿಲ್ಲೊ ಟೊಮ್ಯಾಟೊ ಆಕಾರದ ಅಡುಗೆಮನೆಯ ಗಡಿಯಾರದಿಂದ 1980ರ ದಶಕದ ಕೊನೆಯಲ್ಲಿ ರೂಪಿಸಿದ, 25 ನಿಮಿಷ ಕೆಲಸ ಮಾಡಿ ಕೊಂಚ ವಿರಮಿಸುವ ಪೊಮೊಡೊರೊ ವಿಧಾನ ನನ್ನ ಎಷ್ಟೋ ಗೆಳತಿಯರಿಗೆ ಉಪಕಾರ ಮಾಡಿದೆ. ಅವರಿಗೆ ಕೆಲಸಕ್ಕೆ ಕೂರುವುದೇ ಕಷ್ಟವಿತ್ತು. ನನ್ನ ಕಷ್ಟ ಅದಲ್ಲ, ಕುಳಿತ ಮೇಲೆ ಎಳೆ ಕಡಿಯುವುದು. 25 ನಿಮಿಷಕ್ಕೊಮ್ಮೆ ಬಾರಿಸುವ ಗಂಟೆ ನನಗೆ ಆ ಮಧ್ಯಾಹ್ನದ ಫೋನ್ ಕರೆಯ ಹಾಗೆಯೇ ಕೇಳಿಸಿತು. ಯಾವ ಕಿಟಕಿಯಲ್ಲಿ ಎಷ್ಟು ಹೊತ್ತು ಕಳೆದೆನೆಂದು ಬಣ್ಣದ ಪಟ್ಟಿಗಳಲ್ಲಿ ತೋರಿಸುವ ಸಾಧನಗಳನ್ನೂ ಒಂದು ತಿಂಗಳಿನಲ್ಲೇ ತೆಗೆದೆ. ಅವು ನೆನಪಿಡುವುದು ನನ್ನ ಕೆಲಸವನ್ನಲ್ಲ, ನನ್ನನ್ನು.

ಕಳೆದ ವರ್ಷ ಈ ಎಲ್ಲ ತಿಳಿವಳಿಕೆಗೆ ಹೊಸ ಪರೀಕ್ಷೆ ಬಂದದ್ದು ತಾಲ್ಲೂಕು ಕಚೇರಿಯ ಹತ್ತಿರದ ಒಂದು ಡಿಟಿಪಿ ಅಂಗಡಿಯಲ್ಲಿ. ಅಮ್ಮನ ಪಿಂಚಣಿಯ ಕಾಗದಕ್ಕೆಂದು ಹೋಗಿದ್ದೆ. ಅಂಗಡಿಯ ಯಜಮಾನರು ನುಡಿ ತಂತ್ರಾಂಶದಲ್ಲಿ, ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಯಲ್ಲಿ, ಪರದೆಯನ್ನಾಗಲಿ ಕೀಲಿಗಳನ್ನಾಗಲಿ ನೋಡದೆ, ನನ್ನ ಮುಖ ನೋಡುತ್ತಲೇ ಬರೆಯುತ್ತಿದ್ದರು. ಅಷ್ಟು ವೇಗದವರೂ ಪ್ರತಿ ಅರ್ಜಿಗೂ ಹಳೆಯ ಯಾರದೋ ಅರ್ಜಿಯನ್ನು ತೆರೆದು, ಹೆಸರು, ಊರು, ಸರ್ವೆ ನಂಬರು ಬದಲಿಸಿ ಮುದ್ರಿಸುತ್ತಿದ್ದರು. ಒಮ್ಮೆ ಗುಬ್ಬಿಯ ಒಬ್ಬರ ಅರ್ಜಿಯ ಮೂರನೆಯ ಸಾಲಿನಲ್ಲಿ ಕುಣಿಗಲ್ಲಿನವರ ಹೆಸರು ಉಳಿದುಬಿಟ್ಟು, ಪಾಪ, ಆ ಮನುಷ್ಯ ಎರಡು ಸಲ ಅಲೆದರೆಂದು ನೊಂದುಕೊಂಡು ಹೇಳಿದರು.

"ಅಣ್ಣ, ಇದಕ್ಕೊಂದು ದಾರಿ ಇದೆ," ಎಂದೆ.

ಎಸ್ಪಾನ್ಸೊ ಎಂಬ ಮುಕ್ತ ತಂತ್ರಾಂಶದಲ್ಲಿ ಒಂದು ಚಿಕ್ಕ ಸುಳಿವನ್ನು ಬರೆದರೆ ಅದರ ಜಾಗದಲ್ಲಿ ನಾವು ಮೊದಲೇ ಬರೆದಿಟ್ಟ ಇಡೀ ಪ್ಯಾರಾ ಬಂದು ಕೂರುತ್ತದೆ, ನಡುವೆ ತುಂಬಬೇಕಾದ ಹೆಸರುಗಳಿಗೆ ಒಂದು ಪುಟ್ಟ ನಮೂನೆಯನ್ನೂ ಅದು ತೆರೆದು ಕೇಳುತ್ತದೆ. ಹಳೆಯ ಹೆಸರು ಉಳಿಯುವ ಪ್ರಶ್ನೆಯೇ ಇರುವುದಿಲ್ಲ. ನಾನು ಎರಡೆರಡು ಅಕ್ಷರದ ಸುಳಿವುಗಳನ್ನು ಸೂಚಿಸಿದೆ. ಅವರು ಒಪ್ಪಲಿಲ್ಲ. ಪಹಣಿ, ವಂಶವೃಕ್ಷ, ಪೌತಿ ಖಾತೆ ಎಂದು ಪೂರ್ತಿ ಹೆಸರುಗಳನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಇಡಿಸಿಕೊಂಡರು. "ಗಿರಾಕಿ ಬಾಯಲ್ಲಿ ಏನು ಬರುತ್ತೋ ಅದೇ ನನ್ನ ಬೆರಳಿಗೆ ಬರುತ್ತೆ ಮೇಡಂ, ಹೊಸದಾಗಿ ಕಲಿಯೋದು ಬೇಡ," ಎಂದರು. ಅವರು ಹೇಳಿದ್ದೇ ಸರಿ. ನನ್ನ ಗಣಕಕ್ಕೆ ಮರಳಿದ ಮೇಲೆ ಎರಡಕ್ಷರದ ನನ್ನ ಸುಳಿವುಗಳನ್ನೂ ಬದಲಿಸಿದೆ, ಏಕೆಂದರೆ ಅರ್ಧದಷ್ಟು ಸುಳಿವುಗಳನ್ನು ನೆನಪಿಟ್ಟುಕೊಳ್ಳುವುದೇ ನನಗೊಂದು ಕೆಲಸವಾಗಿತ್ತು.

ತೊಡಕು ಬಂದದ್ದು ಪಠ್ಯದಲ್ಲಿ. ಅವರ ಹದಿನೈದು ವರ್ಷದ ಅರ್ಜಿ ನಮೂನೆಗಳೆಲ್ಲ ನುಡಿಯ ಹಳೆಯ ಆಸ್ಕಿ ಅಕ್ಷರವಿನ್ಯಾಸದಲ್ಲಿವೆ. ಆ ಪದ್ಧತಿಯಲ್ಲಿ ಫೈಲಿನೊಳಗೆ ಕನ್ನಡವಿರುವುದಿಲ್ಲ. ರೋಮನ್ ಸಂಕೇತಗಳಿರುತ್ತವೆ, ಅವುಗಳಿಗೆ ಕನ್ನಡದ ಆಕಾರ ಕೊಡುವುದು ಫಾಂಟು. ಫಾಂಟಿಲ್ಲದ ನನ್ನ ಗಣಕದಲ್ಲಿ ತೆರೆದರೆ ಅಕ್ಷರಗಳ ಹಿಂಡು. ಹುಡುಕಲು ಬರುವುದಿಲ್ಲ, ಸರ್ಕಾರಿ ಜಾಲತಾಣದ ಪೆಟ್ಟಿಗೆಗೆ ಅಂಟಿಸಲು ಬರುವುದಿಲ್ಲ. ಹದಿನೈದು ವರ್ಷ ನೆನಪಿಟ್ಟದ್ದು ಆ ಒಂದು ಫಾಂಟಿನ ಹೊರಗೆ ಓದಲಾಗದಂತೆ ಕೂತಿದೆ. ಅವನ್ನು ಯೂನಿಕೋಡಿಗೆ ತರುವ ಕೆಲಸವನ್ನು ನಾನೇ ಹೊತ್ತುಕೊಂಡೆ. ಶನಿವಾರಗಳಲ್ಲಿ ನಡೆಯುತ್ತಿದೆ, 400ಕ್ಕೂ ಹೆಚ್ಚು ಫೈಲುಗಳು ಮುಗಿದಿವೆ. ಸಂಕೇತದ ಬದಲು ಸಂಕೇತ ಇಡುವುದಷ್ಟೇ ಆಗಿದ್ದರೆ ಒಂದೇ ದಿನದ ಕೆಲಸವಾಗುತ್ತಿತ್ತು. ಹಳೆಯ ಪದ್ಧತಿ ಕಣ್ಣಿಗೆ ಕಾಣುವ ಕ್ರಮದಲ್ಲಿ ಬರೆದಿಡುತ್ತದೆ, ಯೂನಿಕೋಡ್ ಉಚ್ಚರಿಸುವ ಕ್ರಮದಲ್ಲಿ. ಸೂರ್ಯ ಎಂಬಲ್ಲಿ ಅರ್ಕಾವೊತ್ತು ಕಣ್ಣಿಗೆ ಯಕಾರದ ಆಚೆ ಕಾಣುತ್ತದೆ, ನಾಲಿಗೆಯಲ್ಲಿ ರಕಾರ ಯಕಾರದ ಮುಂಚೆ ಬರುತ್ತದೆ. ಹಾಗಾಗಿ ಅದನ್ನು ಹಿಡಿದು ಒಂದು ಅಕ್ಷರ ಹಿಂದಕ್ಕೆ ತಂದು ಕೂರಿಸಬೇಕು. ಒಂದು ಅಕ್ಷರ ಎಂದರೆ ಎಷ್ಟು ಎಂಬಲ್ಲಿಯೇ ನನ್ನ ಸಾಧನ ಎಡವುತ್ತಿದೆ. ನೋಟ್‌ಬುಕ್ಕಿನ ಕೊನೆಯ ಸಾಲು ಹೋದ ಶನಿವಾರದ್ದು: ಥಕಾರದ ಅಡಿಗೆ ಯಕಾರದ ಒತ್ತೂ ಇದ್ದಾಗ ರಕಾರ ಎರಡನ್ನೂ ದಾಟದೆ ನಡುವೆ ನಿಲ್ಲುತ್ತಿದೆ, ಸಾಮರ್ಥ್ಯ ಎಂಬುದು ಸಾಮಥ್ರ್ಯ ಎಂದು ಬರುತ್ತಿದೆ, ಒತ್ತುಗಳನ್ನೆಲ್ಲ ಮೊದಲು ಒಟ್ಟುಗೂಡಿಸಿ ಆಮೇಲೆ ರಕಾರವನ್ನು ಸಾಗಿಸಬೇಕು.